ಬಾಗಿದ ಬೆನ್ನಿಗೆ ಊರುಗೋಲು

ಕೋಲಾರ ಸೀಮೆಯ ರಸ್ತೆಗಳಲ್ಲಿ ಕತ್ತಲಾದ ಮೇಲೆ ಪ್ರಯಾಣ ಮಾಡಿದವರು ಈ ನೋಟವನ್ನು ತಪ್ಪದೆ ಕಂಡಿರುತ್ತಾರೆ. ಟೊಮೇಟೊ ಬಾಕ್ಸುಗಳನ್ನು ಆಳೆತ್ತರಕ್ಕೆ ಪೇರಿಸಿಕೊಂಡ ಪಿಕಪ್ ಗಾಡಿಯೊಂದು ಎದುರಿಗೆ ಬರುತ್ತದೆ. ಅದರ ಹಿಂಭಾಗ ನೆಲದ ಕಡೆಗೆ ಕುಸಿದಿದೆ, ಮೂತಿ ಮೇಲಕ್ಕೆದ್ದಿದೆ, ದೀಪಗಳ ಬೆಳಕು ರಸ್ತೆಯನ್ನು ಬಿಟ್ಟು ಮರದ ಕೊಂಬೆಗಳನ್ನೂ ಎದುರು ಬರುವವರ ಕಣ್ಣುಗಳನ್ನೂ ಹುಡುಕುತ್ತಿದೆ. ಮೂಟೆ ಹೊತ್ತ ಹಮಾಲನ ಬೆನ್ನಿನಂತೆ ಗಾಡಿಯ ಬೆನ್ನೂ ಬಾಗಿದೆ. ಒಡೆಯನಿಗೆ ಈ ನೋಟ ಹಿತವೆನಿಸುವುದಿಲ್ಲ. ಮರುದಿನವೇ ಅವನು ಗ್ಯಾರೇಜಿಗೆ ಹೋಗಿ, “ಹಿಂದಕ್ಕೆ ಇನ್ನೊಂದು ಬ್ಲೇಡ್ ಹಾಕಿಬಿಡಿ” ಎನ್ನುತ್ತಾನೆ.

ನಮ್ಮ ಬೀದಿಯಲ್ಲಿ ಅಂಥ ಗಾಡಿಯೊಂದನ್ನು ನಂಬಿ ಜೀವನ ಸಾಗಿಸುವ ಹಿರಿಯರೊಬ್ಬರಿದ್ದಾರೆ. ಅವರು ತಮ್ಮ ಗಾಡಿಯ ಹಿಂದಿನ ಎರಡು ಕಮಾನು ಪಟ್ಟಿಯ ಕಟ್ಟುಗಳಿಗೂ ಒಂದೊಂದು ಉಕ್ಕಿನ ಪಟ್ಟಿಯನ್ನು ಹೆಚ್ಚಾಗಿ ಸೇರಿಸಿದರು. ಈ ಪಟ್ಟಿಯನ್ನೇ ಗ್ಯಾರೇಜಿನವರು ಬ್ಲೇಡ್ ಎಂದು ಕರೆಯುವುದು. “ಈಗ ಎಷ್ಟು ಹೇರಿದರೂ ಬೆನ್ನು ಬಾಗುವುದಿಲ್ಲ, ನೋಡಿ ಮೇಷ್ಟ್ರೇ” ಎಂದು ನನ್ನನ್ನು ಕರೆದು ತೋರಿಸಿದರು. ಬೆನ್ನು ಬಾಗುತ್ತಿರಲಿಲ್ಲ, ನಿಜ. ಆದರೆ ಆ ಬಳಿಕ ಮುಂದಿನ ಚಕ್ರಗಳ ಬ್ರೇಕು ಪ್ಯಾಡುಗಳು ಮೊದಲಿಗಿಂತ ಬೇಗನೆ ಸವೆಯತೊಡಗಿದವು. ಹಿಂದಕ್ಕೆ ಪಟ್ಟಿ ಹಾಕಿದರೆ ಮುಂದಿನ ಬ್ರೇಕು ಏಕೆ ಸವೆಯಬೇಕು? ಅವರು ಕೇಳಿದ ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟಾಗ ನನಗೆ ಖಚಿತವಾದ ಅಭಿಪ್ರಾಯವನ್ನು ವಿದ್ಯಾರ್ಥಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆ ಅಭಿಪ್ರಾಯವಿಷ್ಟು: ಗಾಡಿಯ ಬೆನ್ನು ಬಾಗುವುದು ರೋಗವಲ್ಲ, ಲಕ್ಷಣ. ಜ್ವರದ ಕಾರಣವನ್ನು ತಿಳಿಯದೆ ಮೈಯನ್ನು ತಣ್ಣಗೆ ಮಾಡಿ ಸುಮ್ಮನಾಗುವ ವೈದ್ಯನನ್ನು ನಾವು ಮೆಚ್ಚುವುದಿಲ್ಲ. ಹಾಗೆಯೇ, ಹೊರೆಯ ತೂಕವನ್ನು ತಿಳಿಯದೆ ಬೆನ್ನನ್ನು ಎತ್ತಿ ನಿಲ್ಲಿಸುವ ಚಿಕಿತ್ಸೆಯನ್ನೂ ಮೆಚ್ಚಬಾರದು. ಆದಕಾರಣ ಸಹಾಯಕ ಸ್ಪ್ರಿಂಗಿನ ಆಯ್ಕೆ ಗ್ಯಾರೇಜಿನಲ್ಲಿ ಅಲ್ಲ, ವೇಬ್ರಿಡ್ಜಿನ ಮೇಲೆ ಆರಂಭವಾಗಬೇಕು.

ಮೊದಲು ಸ್ಪ್ರಿಂಗಿನ ಧರ್ಮವನ್ನು ನೋಡೋಣ. ಸ್ಪ್ರಿಂಗು ಎಷ್ಟು ಹಿಗ್ಗುತ್ತದೆಯೋ ಅಥವಾ ಕುಗ್ಗುತ್ತದೆಯೋ ಅದು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ತಕ್ಕಡಿಯ ಬಟ್ಟುಗಳನ್ನು ತೂಗುಹಾಕಿ ನೀವು ಅಳೆದು ನೋಡುವುದು ಇದೇ ನಿಯಮವನ್ನು. ಹಿಂದಿನ ಜಟಕಾ ಬಂಡಿಗಳಲ್ಲಿಯೂ ಇಂದಿನ ಲಾರಿ, ಪಿಕಪ್‌ಗಳಲ್ಲಿಯೂ ಇರುವ ಕಮಾನು ಪಟ್ಟಿ ಸುರುಳಿಯ ಆಕಾರದ್ದಲ್ಲ. ಒಂದರ ಮೇಲೊಂದು ಜೋಡಿಸಿ ನಡುವೆ ಬಿಗಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಆದರೂ ಸ್ಥೂಲವಾಗಿ ಅದು ಹುಕ್ಕನ ನಿಯಮವನ್ನೇ ಅನುಸರಿಸುತ್ತದೆ. ಪಟ್ಟಿಗಳು ಒಂದರ ಮೇಲೊಂದು ಜಾರುವಾಗ ಹುಟ್ಟುವ ಘರ್ಷಣೆ, ಗಾಡಿಯ ಕುಣಿತವನ್ನು ತುಸು ತಗ್ಗಿಸುವ ಉಪಕಾರವನ್ನೂ ಮಾಡುತ್ತದೆ.

ಈಗ ಒಂದು ಲೆಕ್ಕವನ್ನು ಮಾಡೋಣ. ಸೌಕರ್ಯಕ್ಕಾಗಿ ಬಲವನ್ನೂ ಕಿಲೋಗ್ರಾಮಿನಲ್ಲಿಯೇ ಹೇಳುತ್ತೇನೆ; ಪರೀಕ್ಷೆಯಲ್ಲಿ ಮಾತ್ರ ನ್ಯೂಟನ್ನಿಗೆ ಪರಿವರ್ತಿಸಿ ಬರೆಯತಕ್ಕದ್ದು. ಉದಾಹರಣೆಗೆಂದು ಕಲ್ಪಿಸಿಕೊಂಡ ನಮ್ಮ ಪಿಕಪ್‌ನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಿನ ದೂರ 3 ಮೀಟರು. ಅದು ಹೊರಬಹುದಾದ ಹೊರೆ 1500 ಕಿಲೋ. ಹೊರೆಯ ಗುರುತ್ವಕೇಂದ್ರ ಹಿಂದಿನ ಅಚ್ಚಿನಿಂದ 30 ಸೆಂಟಿಮೀಟರು ಮುಂದಕ್ಕಿದೆ ಎಂದುಕೊಳ್ಳಿ. ಸನ್ನೆಯ ನಿಯಮದಂತೆ ಹೊರೆಯ ಹತ್ತನೆಯ ಒಂದು ಪಾಲು, ಎಂದರೆ 150 ಕಿಲೋ, ಮುಂದಿನ ಅಚ್ಚಿಗೆ ಹೋಗುತ್ತದೆ. ಉಳಿದ 1350 ಕಿಲೋ ಹಿಂದಿನ ಅಚ್ಚಿನ ಮೇಲೆ ಬೀಳುತ್ತದೆ. ಹಿಂದಿನ ಎರಡು ಸ್ಪ್ರಿಂಗುಗಳೂ ಕೂಡಿ ಒಂದು ಸೆಂಟಿಮೀಟರು ತಗ್ಗಲು 120 ಕಿಲೋ ಬೇಕಾದರೆ, ಗಾಡಿಯ ಹಿಂಭಾಗ ಹನ್ನೊಂದೂಕಾಲು ಸೆಂಟಿಮೀಟರು ಕುಸಿಯುತ್ತದೆ.

ಈ ಗಾಡಿಗೆ ಒಂದು ಸಹಾಯಕ ಸ್ಪ್ರಿಂಗನ್ನು ಕೂಡಿಸೋಣ. ಮೊದಲ 6 ಸೆಂಟಿಮೀಟರಿನವರೆಗೆ ಅದು ಸುಮ್ಮನಿರುತ್ತದೆ. ಅನಂತರ ಸೆಂಟಿಮೀಟರಿಗೆ 90 ಕಿಲೋ ಲೆಕ್ಕದಲ್ಲಿ ಹೆಗಲು ಕೊಡುತ್ತದೆ. ಮೊದಲ 6 ಸೆಂಟಿಮೀಟರಿಗೆ 720 ಕಿಲೋ ತೀರಿತು. ಉಳಿದ 630 ಕಿಲೋವನ್ನು ಎರಡೂ ಸೇರಿ, ಸೆಂಟಿಮೀಟರಿಗೆ 210ರಂತೆ, 3 ಸೆಂಟಿಮೀಟರಿನಲ್ಲಿ ಹೊತ್ತುಕೊಳ್ಳುತ್ತವೆ. ಒಟ್ಟು ಕುಸಿತ 9 ಸೆಂಟಿಮೀಟರು. ಬೆನ್ನು ಎರಡೂಕಾಲು ಸೆಂಟಿಮೀಟರು ಮೇಲಕ್ಕೆದ್ದಿತು.

ಇನ್ನು ಒಡೆಯನು ಆಸೆಯಿಂದ 300 ಕಿಲೋ ಹೆಚ್ಚು ಹೇರಿದನೆನ್ನಿ. ಹಿಂದಿನ ಅಚ್ಚಿನ ಮೇಲೆ ಈಗ 1620 ಕಿಲೋ. ಆದರೂ ಸಹಾಯಕ ಸ್ಪ್ರಿಂಗಿನ ದೆಸೆಯಿಂದ ಕುಸಿತ ಹತ್ತೂಕಾಲು ಸೆಂಟಿಮೀಟರಿನಷ್ಟು ಮಾತ್ರ. ಎಂದರೆ, ಮಿತಿ ಮೀರಿ ಹೇರಿದ ಈ ಗಾಡಿ, ಸಹಾಯಕವಿಲ್ಲದೆ ನ್ಯಾಯವಾದ ಹೊರೆಯನ್ನು ಹೊತ್ತ ಗಾಡಿಗಿಂತ ಎತ್ತರವಾಗಿ, ಠೀವಿಯಿಂದ ನಿಂತಿರುತ್ತದೆ! ಕಣ್ಣು ಮೋಸಹೋಗುವುದು ಇಲ್ಲಿಯೇ. ಹಿಂದಿನ ಟೈರುಗಳು, ಚಕ್ರದ ಬೇರಿಂಗುಗಳು ಮತ್ತು ಅಚ್ಚು ಹೊರುವ ಭಾರದಲ್ಲಿ ಒಂದು ಕಿಲೋ ಕೂಡ ಕಡಿಮೆಯಾಗಿಲ್ಲ. ಸಹಾಯಕ ಸ್ಪ್ರಿಂಗು ಭಾರವನ್ನು ನೆಲಕ್ಕೆ ಮುಟ್ಟಿಸುವ ದಾರಿಯನ್ನು ಬದಲಿಸುತ್ತದೆ; ಭಾರವನ್ನು ಬದಲಿಸುವುದಿಲ್ಲ.

ಸನ್ನೆಯ ನಿಯಮವನ್ನು ಇನ್ನೊಮ್ಮೆ ನೆನೆಯಿರಿ. ಅದೇ 1500 ಕಿಲೋವನ್ನು ಹಿಂದಕ್ಕೆ ಸರಿಸಿ, ಗುರುತ್ವಕೇಂದ್ರವು ಅಚ್ಚಿನ ಹಿಂದೆ 30 ಸೆಂಟಿಮೀಟರಿಗೆ ಬರುವಂತೆ ಹೇರಿದರೆ, ಹಿಂದಿನ ಅಚ್ಚಿಗೆ 1650 ಕಿಲೋ ಬೀಳುತ್ತದೆ. ಮುಂದಿನ ಅಚ್ಚಿನಿಂದ 150 ಕಿಲೋ ಎತ್ತಿಹೋಗುತ್ತದೆ. ಚುಕ್ಕಾಣಿಯ ಚಕ್ರಗಳ ಹಿಡಿತ ಅಷ್ಟು ಸಡಿಲವಾಯಿತು. ಹಿಂದಿನ ಬಾಗಿಲನ್ನು ತೆರೆದುಹಾಕಿ ಅದರ ಮೇಲೂ ಬಾಕ್ಸುಗಳನ್ನು ಜೋಡಿಸುವ ಅಭ್ಯಾಸದ ಅಪಾಯ ಇದು. ಎಷ್ಟೋ ವೇಳೆ ಬೆನ್ನು ಬಾಗುವುದಕ್ಕೆ ಕಾರಣ ಹೊರೆಯ ಪ್ರಮಾಣವಲ್ಲ, ಅದರ ಸ್ಥಾನ. ಭಾರವಾದ ಸರಕನ್ನು ಕ್ಯಾಬಿನ್ನಿನ ಹತ್ತಿರಕ್ಕೆ ಸರಿಸುವುದು ಕಾಸು ಖರ್ಚಿಲ್ಲದ ಚಿಕಿತ್ಸೆ. ಯಾವ ಅಂಗಡಿಯೂ ಅದನ್ನು ಮಾರುವುದಿಲ್ಲವಾದ್ದರಿಂದ ಯಾರೂ ಅದನ್ನು ಹೇಳಿಕೊಡುವುದೂ ಇಲ್ಲ.

ಹಾಗಾದರೆ ಸಹಾಯಕ ಸ್ಪ್ರಿಂಗುಗಳು ಬೇಡವೇ ಬೇಡವೆ? ಹಾಗೆಂದು ನಾನು ಹೇಳಲಾರೆ. ಹೊರೆ ಮಿತಿಯೊಳಗಿದ್ದು, ಸರಿಯಾದ ಸ್ಥಾನದಲ್ಲಿದ್ದು, ಮೂಲ ಸ್ಪ್ರಿಂಗುಗಳೂ ಗಟ್ಟಿಯಾಗಿದ್ದು, ಆಗಲೂ ಗಾಡಿ ಅತಿಯಾಗಿ ಕುಸಿಯುತ್ತಿದ್ದರೆ ಅವುಗಳಿಗೆ ನ್ಯಾಯವಾದ ಸ್ಥಾನ ಉಂಟು. ಆದರೆ ಅವೆಲ್ಲವೂ ಒಂದೇ ಬಗೆಯವಲ್ಲ.

ಮೊದಲನೆಯದು, ಕಟ್ಟಿಗೆ ಇನ್ನೊಂದು ಪಟ್ಟಿಯನ್ನು ಕಾಯಂ ಆಗಿ ಸೇರಿಸುವುದು. ಅಗ್ಗವಾದದ್ದು, ನಮ್ಮ ಊರುಗಳ ಗ್ಯಾರೇಜುಗಳಿಗೆಲ್ಲ ಪರಿಚಿತವಾದದ್ದು. ಆದರೆ ಈ ಪಟ್ಟಿ ಹೊರೆಯಿದ್ದಾಗಲೂ ಇಲ್ಲದಾಗಲೂ ಸದಾ ಕೆಲಸ ಮಾಡುತ್ತಲೇ ಇರುತ್ತದೆ. ಎರಡನೆಯದು, ಹೊರೆ ಬಿದ್ದು ಗಾಡಿ ತುಸು ತಗ್ಗಿದ ಮೇಲೆ ಮಾತ್ರ ತಾಗಿ ಕೆಲಸಕ್ಕಿಳಿಯುವ ಸಹಾಯಕ ಪಟ್ಟಿ. ಅನೇಕ ಗಾಡಿಗಳಲ್ಲಿ ಇಂಥದೊಂದು ಕಾರ್ಖಾನೆಯಿಂದಲೇ ಬಂದಿರುತ್ತದೆ. ಮೂರನೆಯದು, ಅಚ್ಚು ಮೇಲೆದ್ದು ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ಮುದ್ದೆಯ ಸ್ಥಾನದಲ್ಲಿ ಕೂರಿಸುವ ಟೊಳ್ಳು ರಬ್ಬರ್ ಸ್ಪ್ರಿಂಗು. ಇದು ಹುಕ್ಕನ ನಿಯಮಕ್ಕೆ ಕಟ್ಟುಬಿದ್ದುದಲ್ಲ. ಒತ್ತಿದಷ್ಟೂ ಹೆಚ್ಚುಹೆಚ್ಚು ಗಡುಸಾಗುತ್ತದೆ. ಇದಕ್ಕೆ ಆರೈಕೆ ಬೇಡ. ಆದರೆ ಇದನ್ನು ಹೊರೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಲೂ ಬಾರದು. ನಾಲ್ಕನೆಯದು, ಗಾಳಿ ತುಂಬುವ ರಬ್ಬರ್ ಚೀಲ.

ಗಾಳಿ ಚೀಲದ ತತ್ತ್ವ ಸರಳವಾದದ್ದು: ಬಲವೆಂದರೆ ಒತ್ತಡ ಗುಣಿಸು ವಿಸ್ತೀರ್ಣ. ಚೀಲದ ಪರಿಣಾಮಕಾರಿ ವಿಸ್ತೀರ್ಣ 100 ಚದರ ಸೆಂಟಿಮೀಟರಾಗಿದ್ದು, ಒತ್ತಡ ಚದರ ಸೆಂಟಿಮೀಟರಿಗೆ 3 ಕಿಲೋ ಇದ್ದರೆ, ಒಂದು ಚೀಲ 300 ಕಿಲೋವನ್ನು, ಎರಡು ಚೀಲಗಳು 600 ಕಿಲೋವನ್ನು ಹೊರುತ್ತವೆ. ಹೊರೆ ಇಳಿಸಿದ ಮೇಲೆ ಗಾಳಿಯನ್ನು ತಗ್ಗಿಸಬಹುದು. ಆದರೆ ಚೀಲ ಮಡಿಚಿಕೊಂಡು ಹರಿಯದಂತೆ ತಯಾರಕರು ಹೇಳಿದ ಕನಿಷ್ಠ ಒತ್ತಡವನ್ನು ಉಳಿಸಲೇಬೇಕು. ಎಡ ಬಲ ಚೀಲಗಳಿಗೆ ಬೇರೆ ಬೇರೆ ಕೊಳವೆಗಳಿರುವುದು ಲೇಸು. ಒಂದೇ ಕೊಳವೆಯಾದರೆ ತಿರುವಿನಲ್ಲಿ ಒತ್ತಿಗೆ ಸಿಕ್ಕ ಚೀಲದ ಗಾಳಿ ಇನ್ನೊಂದಕ್ಕೆ ಹರಿದು ಗಾಡಿ ಇನ್ನಷ್ಟು ವಾಲುತ್ತದೆ.

ಚೀಲದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕಮಾನು ಪಟ್ಟಿ ತನ್ನ ಭಾರವನ್ನು ಎರಡು ತುದಿಗಳ ಮೂಲಕ, ಒಂದು ಮೀಟರಿಗೂ ಹೆಚ್ಚು ಅಂತರವಿರುವ ಎರಡು ಸ್ಥಳಗಳಲ್ಲಿ, ಚಾಸಿಗೆ ಒಪ್ಪಿಸುತ್ತದೆ. ಗಾಳಿ ಚೀಲವಾಗಲಿ ರಬ್ಬರ್ ಸ್ಪ್ರಿಂಗಾಗಲಿ ಅಚ್ಚಿನ ನೇರಕ್ಕೆ ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಹಿಂದಿನ ತುದಿಯಲ್ಲಿ ಭಾರ ಜೋತುಬಿದ್ದಿದ್ದರೆ, ಮೊಣಕಾಲಿಗೆ ಆನಿಸಿ ಕೋಲು ಮುರಿಯುವ ರೀತಿಯಲ್ಲಿ ಚಾಸಿ ಆ ಬಿಂದುವಿನ ಮೇಲೆ ಬಾಗಲು ಹವಣಿಸುತ್ತದೆ. ಪಿಕಪ್‌ಗಳ ಹಿಂದೆ ಭಾರವಾದ ಕಾರವಾನುಗಳನ್ನು ಕಟ್ಟಿಕೊಂಡು ಒರಟು ರಸ್ತೆಗಳಲ್ಲಿ ದೂರ ಹೋಗುವ ಆಸ್ಟ್ರೇಲಿಯಾದಲ್ಲಿ, ಗಾಳಿ ಚೀಲ ಹಾಕಿದ ಗಾಡಿಗಳ ಚಾಸಿಯೇ ಬಾಗಿಹೋದ ಉದಾಹರಣೆಗಳುಂಟು.

ಈ ನಾಲ್ಕರಲ್ಲಿ ಆರಿಸುವುದು ಹೇಗೆ? ಗಾಡಿ ಹಿಂದಿರುಗಿ ಬರುವಾಗ ಏನನ್ನು ಹೊತ್ತು ಬರುತ್ತದೆ ಎಂದು ಕೇಳಿಕೊಳ್ಳುವುದೇ ಉತ್ತಮವಾದ ದಾರಿ. ಸ್ಪ್ರಿಂಗಿನ ಮೇಲಿನ ದೇಹ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕುಣಿಯುತ್ತದೆ ಎಂಬುದನ್ನು ಅಂದಾಜು ಮಾಡಲು ಸುಲಭವಾದ ಸೂತ್ರವೊಂದಿದೆ. ಅದರ ಮೇಲಿರುವ ಭಾರವನ್ನೆಲ್ಲ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂಬ ಗಡಸುತನದಿಂದ ಭಾಗಿಸಿ, ಬಂದ ಸಂಖ್ಯೆಯ ವರ್ಗಮೂಲದಿಂದ ಐದನ್ನು ಭಾಗಿಸಿದರೆ ಉತ್ತರ ಬರುತ್ತದೆ. ನಮ್ಮ ಗಾಡಿ ಖಾಲಿಯಿದ್ದಾಗ ಹಿಂದಿನ ಸ್ಪ್ರಿಂಗುಗಳ ಮೇಲೆ 480 ಕಿಲೋ ಇದ್ದರೆ, ಭಾಗಲಬ್ಧ 4. ಕುಣಿತ ಸೆಕೆಂಡಿಗೆ ಎರಡೂವರೆ ಸಲ. ಖಾಲಿ ಪಿಕಪ್ ಹಳ್ಳದಿಣ್ಣೆಯಲ್ಲಿ ನೆಗೆಯುವುದೇಕೆಂದು ಈಗ ತಿಳಿಯಿತಷ್ಟೆ. ಕಾಯಂ ಪಟ್ಟಿ ಸೇರಿಸಿ ಗಡಸುತನವನ್ನು 160ಕ್ಕೆ ಏರಿಸಿದರೆ ಕುಣಿತ ಸುಮಾರು 2.9ಕ್ಕೆ ಏರುತ್ತದೆ, ಹಿಂದಿನ ಚಕ್ರಗಳು ನೆಲವನ್ನು ಬಿಟ್ಟು ಹಾರುವುದೂ, ಒದ್ದೆ ರಸ್ತೆಯಲ್ಲಿ ಜಾರುವುದೂ ಹೆಚ್ಚುತ್ತದೆ.

ಆದುದರಿಂದ ಮಾರುಕಟ್ಟೆಗೆ ತುಂಬಿ ಹೋಗಿ ಖಾಲಿ ಬಾಕ್ಸುಗಳೊಡನೆ ಹಿಂದಿರುಗುವ ತರಕಾರಿ ಗಾಡಿಗೆ, ಹೊರೆ ಬಿದ್ದಾಗ ಮಾತ್ರ ತಾಗುವ ಸಹಾಯಕ ಪಟ್ಟಿ ಅಥವಾ ರಬ್ಬರ್ ಸ್ಪ್ರಿಂಗು ತಕ್ಕದ್ದು. ಸಂಚಾರಿ ಹೋಟೆಲಿನಂತೆ ಒಂದೇ ಭಾರವನ್ನು ಹಗಲಿರುಳೂ ಹೊತ್ತಿರುವ ಗಾಡಿಗೆ ಕಾಯಂ ಪಟ್ಟಿಯೇ ಸಾಕು. ದಿನಕ್ಕೊಂದು ತೂಕದ ಹೊರೆ ಹೊರುವ, ಬೆಳಿಗ್ಗೆ ಬೆಳಿಗ್ಗೆ ಒತ್ತಡವನ್ನು ಅಳೆದು ನೋಡುವ ಶಿಸ್ತುಳ್ಳ ಒಡೆಯನಿಗೆ ಗಾಳಿ ಚೀಲ ಒಪ್ಪೀತು. ಟೈರಿನ ಗಾಳಿಯನ್ನೇ ತಿಂಗಳುಗಟ್ಟಲೆ ನೋಡದವನ ಕೈಗೆ ಅದನ್ನು ಕೊಡಬಾರದು. ಇನ್ನು ಹಳೆಯ ಪಟ್ಟಿಗಳು ಸೋತು ಚಪ್ಪಟೆಯಾಗಿರುವ ಗಾಡಿಗೆ ಯಾವ ಸಹಾಯಕವೂ ಮದ್ದಲ್ಲ. ಮೂಲ ಪಟ್ಟಿಗಳನ್ನೇ ಬದಲಿಸಬೇಕು.

ಸಹಾಯಕ ಯಾವುದೇ ಆಗಿರಲಿ, ಕುಣಿತವನ್ನು ಅಡಗಿಸುವ ಷಾಕ್ ಅಬ್ಸಾರ್ಬರನ್ನು ಮರೆಯಬಾರದು. ಹೊರೆ ಹೊತ್ತ ನಮ್ಮ ಗಾಡಿಯಲ್ಲಿ ಗಡಸುತನ 120ರಿಂದ 210ಕ್ಕೆ ಏರಿದಾಗ, ಅದೇ ಹಳೆಯ ಅಬ್ಸಾರ್ಬರಿನ ಹತೋಟಿ ತುಲನಾತ್ಮಕವಾಗಿ ಕಾಲು ಭಾಗದಷ್ಟು ಕುಗ್ಗುತ್ತದೆ. ಬಲಿಷ್ಠವಾದ ಎತ್ತಿಗೆ ಹಳೆಯ ಮೂಗುದಾರ ಸಾಲದಂತೆಯೇ ಇದು.

ಈಗ ನೆರೆಮನೆಯ ಹಿರಿಯರ ಪ್ರಶ್ನೆಗೆ ಬರೋಣ. ಹಲವು ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಅಚ್ಚಿಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ಅದು ಬ್ರೇಕಿನ ಕವಾಟವೊಂದಕ್ಕೆ ಜೋಡಿಸಲ್ಪಟ್ಟಿರುತ್ತದೆ. ಗಾಡಿ ಖಾಲಿಯಿದ್ದಾಗ ಹಿಂದಿನ ಚಕ್ರಗಳಿಗೆ ಬಿಗಿಯಾಗಿ ಬ್ರೇಕು ಹಾಕಿದರೆ ಅವು ಕಚ್ಚಿಕೊಂಡು ಜಾರುತ್ತವೆ. ಹೊರೆಯಿದ್ದಾಗ ಬಿಗಿಯಾಗಿಯೇ ಹಾಕಬೇಕು. ಹೊರೆ ಎಷ್ಟಿದೆಯೆಂದು ಕವಾಟ ತಿಳಿಯುವುದು ಹೇಗೆ? ಬೆನ್ನು ಎಷ್ಟು ಬಾಗಿದೆಯೆಂಬುದರಿಂದ! ಬೆನ್ನು ತಗ್ಗಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡವನ್ನು ಬಿಡುತ್ತದೆ. ಪಟ್ಟಿ ಸೇರಿಸಿ ಬೆನ್ನನ್ನು ಎತ್ತಿ ನಿಲ್ಲಿಸಿದಾಗ ಕವಾಟವು ಗಾಡಿ ಹಗುರವಾಗಿದೆಯೆಂದು ನಂಬಿತು. ಹಿಂದಿನ ಬ್ರೇಕಿನ ಒತ್ತಡವನ್ನು ತಗ್ಗಿಸಿತು. ಉಳಿದ ಕೆಲಸವೆಲ್ಲ ಮುಂದಿನ ಬ್ರೇಕಿನ ಪಾಲಿಗೆ ಬಂದಿತು. ಪ್ಯಾಡು ಸವೆಯದೆ ಇನ್ನೇನಾದೀತು? ಗಾಡಿ ಅತಿ ಭಾರವಾಗಿರುವ ಹೊತ್ತಿನಲ್ಲಿಯೇ ಅದರ ಬ್ರೇಕು ಅತಿ ದುರ್ಬಲವಾಗುವುದು ಇಲ್ಲಿಯ ದುರಂತ. ಬೆನ್ನಿನ ಬಾಗು ಒಡೆಯನಿಗೆ ಮಾತ್ರವಲ್ಲ, ಯಂತ್ರಕ್ಕೂ ಸಾಕ್ಷಿ. ಆ ಸಾಕ್ಷಿಯ ಬಾಯಿಯನ್ನು ನಾವು ಕಟ್ಟಿಬಿಟ್ಟಿರುತ್ತೇವೆ. ಗಾಳಿ ಚೀಲಗಳ ಮೇಲೆಯೇ ಓಡುವ ಐರಾವತದಂಥ ದೊಡ್ಡ ಬಸ್ಸುಗಳಿಗೆ ಈ ತೊಂದರೆಯಿಲ್ಲ; ಅಂಥ ವಾಹನಗಳಲ್ಲಿ ಹೊರೆಯನ್ನು ಎತ್ತರದಿಂದಲ್ಲ, ಚೀಲದೊಳಗಿನ ಒತ್ತಡದಿಂದ ಅಳೆಯುವ ಏರ್ಪಾಡನ್ನು ಮೊದಲಿನಿಂದಲೇ ಮಾಡಿರುತ್ತಾರೆ. ಪಿಕಪ್‌ಗೆ ಸಹಾಯಕ ಹಾಕಿಸಿದವರಾದರೋ ಈ ಕವಾಟವನ್ನು ತಯಾರಕರ ಸೂಚನೆಯಂತೆ ಮತ್ತೆ ಹೊಂದಿಸಲೇಬೇಕು. ದೀಪಗಳ ದಿಕ್ಕನ್ನೂ ಸರಿಪಡಿಸಬೇಕು.

ಇಳಿಜಾರಿನಲ್ಲಿ ಇದರ ಬೆಲೆಯೇನೆಂದು ಯೋಚಿಸಿ. ಶಿರಾಡಿಯಂಥ ಘಟ್ಟದಲ್ಲಿ 700 ಮೀಟರು ಇಳಿಯುವಾಗ, ಹೆಚ್ಚಾಗಿ ಹೇರಿದ ಆ 300 ಕಿಲೋ ಒಂದೇ ಸುಮಾರು 20 ಲಕ್ಷ ಜೂಲ್ ಶಕ್ತಿಯನ್ನು ಬಿಟ್ಟುಕೊಡುತ್ತದೆ. ಆರು ಲೀಟರು ತಣ್ಣೀರನ್ನು ಕುದಿಸಲು ಅಷ್ಟು ಶಕ್ತಿ ಸಾಕು. ಎಂಜಿನು ತಡೆದಷ್ಟನ್ನು ಕಳೆದು, ಉಳಿದದ್ದೆಲ್ಲ ಬ್ರೇಕಿನಲ್ಲಿ ಶಾಖವಾಗಬೇಕು. ಅದೂ ಮೋಸಹೋದ ಬ್ರೇಕಿನಲ್ಲಿ.

ಇಲ್ಲಿ ಒಂದು ಆಕ್ಷೇಪಣೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. “ತೂಕದ ಶಾಸ್ತ್ರ ಹೇಳುವುದು ಸುಲಭ, ಎರಡನೆಯ ಸರದಿಯ ಡೀಸೆಲ್ಲಿಗೆ ಹಣ ಕೊಡುವವರಾರು?” ಎಂದು ಒಡೆಯರು ಕೇಳುತ್ತಾರೆ. ಮಾತು ಸುಳ್ಳಲ್ಲ. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೇಟೊ ಬಾಕ್ಸಿನ ಬೆಲೆ 2023ರ ಜುಲೈಯಲ್ಲಿ ಎರಡು ಸಾವಿರ ರೂಪಾಯಿಯನ್ನು ದಾಟಿತು; ಬೆಲೆ ಬಿದ್ದ ಕಾಲದಲ್ಲಿ ರೈತರು ಹಣ್ಣನ್ನು ರಸ್ತೆಗೆ ಸುರಿಯುವುದನ್ನೂ ನಾವು ಕಂಡಿದ್ದೇವೆ. ಬಾಡಿಗೆಯ ಲೆಕ್ಕದಲ್ಲಿ ಹತ್ತು ಬಾಕ್ಸು ಹೆಚ್ಚು ಹಿಡಿಸುವ ಆಸೆಯನ್ನು ಬರಿಯ ದುರಾಸೆಯೆಂದು ಜರೆಯಲು ನನಗೆ ಮನಸ್ಸು ಬಾರದು. ಆದರೆ ಆ ಉಳಿತಾಯದ ಎದುರಿಗೆ ಟೈರು, ಬೇರಿಂಗು, ಬ್ರೇಕುಗಳ ಸವೆತವನ್ನೂ, ದಂಡವನ್ನೂ ಬರೆದು ಕೂಡಿಸಿದವರು ವಿರಳ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯು ಮಿತಿಮೀರಿದ ಹೊರೆಗೆ 20,000 ರೂಪಾಯಿ ದಂಡವನ್ನೂ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ವಿಧಿಸುತ್ತದೆ. ಹೆಚ್ಚಿನ ಸರಕನ್ನು ಇಳಿಸುವ ಖರ್ಚೂ ಸೇರುತ್ತದೆ. ಸಹಾಯಕ ಸ್ಪ್ರಿಂಗು ಹಾಕಿಸಿದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿ ಬರೆದ ಒಟ್ಟು ತೂಕದ ಮಿತಿ ಏರುವುದಿಲ್ಲ.

ರಸ್ತೆಯ ಲೆಕ್ಕ ಬೇರೆಯೇ ಇದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಸಂಸ್ಥಾನದ ಒಟಾವ ಎಂಬಲ್ಲಿ, ಪ್ರಯೋಗಕ್ಕೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಎಡೆಬಿಡದೆ ಓಡಿಸಿ ನೋಡಿದರು. ರಸ್ತೆಗೆ ಆಗುವ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆಂದು ಅದರಿಂದ ತಿಳಿದುಬಂದಿತು. ಎಂದರೆ ಅಚ್ಚಿನ ಭಾರ ನೂರಕ್ಕೆ ಇಪ್ಪತ್ತು ಹೆಚ್ಚಿದರೆ ಹಾನಿ ಇಮ್ಮಡಿಯಾಗುತ್ತದೆ. ಸಣ್ಣ ಗಾಡಿಯ ಪಾಲು ಸಣ್ಣದಿರಬಹುದು. ಆದರೆ ನಮ್ಮ ಹಳ್ಳಿಗಳ ತೆಳುವಾದ ಡಾಂಬರು ರಸ್ತೆಗಳ ಮೇಲೆ ಓಡುವುದು ಇಂಥ ಸಣ್ಣ ಗಾಡಿಗಳೇ.

ಆದಕಾರಣ ಆಯ್ಕೆಯ ಕ್ರಮ ಹೀಗಿರಬೇಕೆಂದು ನನ್ನ ಅಭಿಪ್ರಾಯ. ಮೊದಲು ತುಂಬಿದ ಗಾಡಿಯನ್ನು ವೇಬ್ರಿಡ್ಜಿನ ಮೇಲೆ ಪೂರ್ತಿಯಾಗಿ ತೂಗಿಸಬೇಕು. ಬಳಿಕ ಹಿಂದಿನ ಚಕ್ರಗಳನ್ನು ಮಾತ್ರ ಅದರ ಮೇಲೆ ನಿಲ್ಲಿಸಿ ತೂಗಿಸಬೇಕು. ಚೀಟಿಯ ಸಂಖ್ಯೆಗಳನ್ನು ನೋಂದಣಿ ಪತ್ರದಲ್ಲಿಯೂ ತಯಾರಕರ ಕೈಪಿಡಿಯಲ್ಲಿಯೂ ಕೊಟ್ಟಿರುವ ಮಿತಿಗಳೊಡನೆ ಹೋಲಿಸಬೇಕು. ಹೆಚ್ಚಿದ್ದರೆ ಹೊರೆಯನ್ನು ಇಳಿಸಬೇಕು, ಇಲ್ಲವೇ ದೊಡ್ಡ ಗಾಡಿಯನ್ನು ಕೊಳ್ಳಬೇಕು. ಮಿತಿಯೊಳಗಿದ್ದರೆ ಹೊರೆಯ ಸ್ಥಾನವನ್ನು ಸರಿಪಡಿಸಬೇಕು; ಆಮೇಲೆ ಮೂಲ ಪಟ್ಟಿಗಳನ್ನು ಪರೀಕ್ಷಿಸಬೇಕು. ಇಷ್ಟಾದ ಮೇಲೂ ಬೆನ್ನು ಬಾಗಿದ್ದರೆ ಮಾತ್ರ ಸಹಾಯಕ ಸ್ಪ್ರಿಂಗಿನ ಅಂಗಡಿಗೆ ಹೋಗಬೇಕು.

ನಮ್ಮ ಹಿರಿಯರನ್ನು ಒಂದು ಬೆಳಿಗ್ಗೆ ವೇಬ್ರಿಡ್ಜಿಗೆ ಕರೆದುಕೊಂಡು ಹೋದೆ. “ನೂರು ಬಾಕ್ಸು, ಹದಿನೈದು ಕಿಲೋ, ಸರಿಯಾಗಿ ಒಂದೂವರೆ ಟನ್ನು, ಮೇಷ್ಟ್ರೇ” ಎಂದು ಅವರು ಹೇಳುತ್ತಲೇ ಇದ್ದರು. ಚೀಟಿ ನೋಡಿದಾಗ ಹೊರೆ ಒಂದು ಟನ್ನು ಎಂಟುನೂರು ಕಿಲೋವಿಗೆ ಹತ್ತಿರವಿತ್ತು. ಖಾಲಿ ಬಾಕ್ಸುಗಳ ತೂಕವನ್ನೂ, ಮೇಲೆ ಹತ್ತಿ ಕುಳಿತ ಇಬ್ಬರು ಆಳುಗಳನ್ನೂ ಅವರು ಎಂದೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: “ಗಾಡಿ ಬಾಗುತ್ತಿದ್ದಾಗ ಹೇಳುತ್ತಿದ್ದುದು ಇದನ್ನೇ ಇರಬೇಕು.” ಹುಕ್ಕನ ನಿಯಮವನ್ನು ಇದಕ್ಕಿಂತ ಚೆನ್ನಾಗಿ ನಾನು ತರಗತಿಯಲ್ಲಿ ಎಂದೂ ಹೇಳಿಕೊಟ್ಟಿಲ್ಲ.